ಉಬ್ಬಸದ ರೋಗಿಯ ಶುಶ್ರೂಷೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉಸಿರಾಟದ ತೊಂದರೆಯುಳ್ಳವರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ ಎಂಬುದು ನನಗೆ ವಹಿಸಿಕೊಟ್ಟಿರುವ ವಿಷಯ. ಕನ್ನಡ ಪಂಡಿತನಿಗೆ ಇಲ್ಲೇನು ಕೆಲಸವೆಂದು ಯಾರಾದರೂ ಕೇಳಿದರೆ ತಪ್ಪಲ್ಲ. ಚಿಕಿತ್ಸೆ ವೈದ್ಯರದು, ಅದನ್ನು ಹೇಳಲು ನಾನು ನಿಂತಿಲ್ಲ. ಶುಶ್ರೂಷೆಯಾದರೋ ಮನೆಯವರದು. ಈ ಶಬ್ದಕ್ಕೆ ಸಂಸ್ಕೃತದಲ್ಲಿ ಕೇಳುವ ಇಚ್ಛೆಯೆಂಬುದೇ ಮೂಲಾರ್ಥ. ಉಬ್ಬಸದ ರೋಗಿಯ ವಿಷಯದಲ್ಲಿ ಆ ಮೂಲಾರ್ಥ ಅಕ್ಷರಶಃ ಸಲ್ಲುತ್ತದೆ. ಅವನ ಉಸಿರಿಗೆ ಕಿವಿಗೊಡುವುದೇ ಆರೈಕೆಯ ಮೊದಲು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಇರಬೇಕು. ನಮ್ಮ ಮನೆಗಳಲ್ಲಿ ಅನುರಾಗಕ್ಕೆ ಕೊರತೆಯಿಲ್ಲ; ಕೆಲವೊಮ್ಮೆ ಅದೇ ಹೆಚ್ಚಾಗಿ ಬಿಡುತ್ತದೆ. ಅಜ್ಜನಿಗೆ ಏದುಸಿರು ಬಂದಿತೆಂದರೆ ಹತ್ತು ಜನ ಮಂಚವನ್ನು ಮುತ್ತುವರು. ಒಬ್ಬರು ಮಲಗಿಸುವರು, ಒಬ್ಬರು ಬಾಯಿಗೆ ನೀರು ಹನಿಸುವರು, ಮತ್ತೊಬ್ಬರು ಸಾಂಬ್ರಾಣಿ ಹಾಕುವರು. ಮೂರೂ ಅಪಾಯ. ಫ್ಲಾರೆನ್ಸ್ ನೈಟಿಂಗೇಲರು 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಮೊದಲ ಅಧ್ಯಾಯವನ್ನೇ ಶುದ್ಧ ಗಾಳಿಗೆ ಮೀಸಲಿಟ್ಟರು. ನೋಡಬಂದವರ ಬಿಟ್ಟಿ ಉಪದೇಶಗಳಿಂದಾಗುವ ಹಾನಿಯನ್ನು ಕುರಿತೂ ಒಂದು ಅಧ್ಯಾಯವನ್ನು ಬರೆದರು. ನಮ್ಮೂರನ್ನು ಕಂಡೇ ಬರೆದರೇನೋ!

ಆದುದರಿಂದ ಮೊದಲು ಜನರನ್ನು ಹೊರಗೆ ಕಳುಹಿಸಿ. ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ಮುಂದೆ ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ತೋಳುಗಳನ್ನೂರಿ ತುಸು ಮುಂದಕ್ಕೆ ಬಾಗುವಂತೆ ಮಾಡಿ. ಎದೆಯ ಗೂಡು ಅರಳಲು ಅದರಿಂದ ಅನುಕೂಲ. ಕಿಟಕಿ ತೆರೆಯಿರಿ, ಹೊಗೆ, ಧೂಪ, ಬೀಡಿ ಯಾವುದೂ ಬೇಡ. ವೈದ್ಯರು ಹೇಳಿದ ಇನ್‌ಹೇಲರ್ ಇದ್ದರೆ ಕೂಡಲೇ ಕೊಡಿ. ಅದು ಚಟವಾಗುವುದೆಂಬ ಮಾತು ಬರಿಯ ಸುಳ್ಳು. ಡಬ್ಬಿಯನ್ನು ಅಲುಗಾಡಿಸಿ, ಉಸಿರನ್ನು ಹೊರಬಿಟ್ಟು, ಒತ್ತಿದೊಡನೆ ನಿಧಾನವಾಗಿ ಒಳಗೆಳೆದು, ಸಾಧ್ಯವಾದರೆ ಹತ್ತು ಎಣಿಸುವ ತನಕ ಹಿಡಿಯಬೇಕು. ಮುದುಕರಿಗೂ ಮಕ್ಕಳಿಗೂ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿದರೆ ಔಷಧ ನಾಲಗೆಗೆ ಬಡಿಯದೆ ಎದೆಗೆ ಇಳಿಯುವುದು. ಗಂಜಿ, ನೀರು ಏದುಸಿರು ಇಳಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ.

ಅನಂತರ ಎಣಿಕೆ. ರೋಗಿಗೆ ತಿಳಿಸದೆ, ಎದೆ ಏರಿಳಿಯುವುದನ್ನು ಒಂದು ಪೂರ್ಣ ನಿಮಿಷ ಗಡಿಯಾರ ನೋಡಿ ಎಣಿಸಿರಿ. ವಯಸ್ಕರು ವಿಶ್ರಾಂತಿಯಲ್ಲಿರುವಾಗ 12ರಿಂದ 20 ಸಹಜ. 25 ಮೀರಿದರೆ ಕಾಯಬಾರದು. ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50, ಅದಕ್ಕೂ ಎಳೆಯ ಕೂಸಿಗೆ 60 ಮುಟ್ಟಿದರೆ ವೇಗದ ಉಸಿರೆಂದು ಲೆಕ್ಕ.

ಎಣಿಕೆಯನ್ನು ನಾನು ಇಷ್ಟು ಒತ್ತಿ ಹೇಳಲು ನಮ್ಮ ಗಡಿನಾಡಿನದೇ ಆದ ಕಾರಣವೊಂದುಂಟು. ಕನ್ನಡದಲ್ಲಿ ಆಯಾಸವೆಂದರೆ ದಣಿವು. ತೆಲುಗಿನ ಆಸ್ಪತ್ರೆಯಲ್ಲಿ 'ಆಯಾಸಂ' ಎಂದರೆ ಉಬ್ಬಸ. ದಾದಿ ಆಯಾಸವಿದೆಯೇ ಎಂದು ಕೇಳುತ್ತಾಳೆ. ನಮ್ಮ ಅಜ್ಜಿ, ದಣಿವೇನೂ ಇಲ್ಲವೆಂದು ತಲೆಯಾಡಿಸುತ್ತಾಳೆ. ಒಂದೇ ಶಬ್ದ ಎರಡು ಮನೆಗಳಲ್ಲಿ ಬೆಳೆದು ಬೇರೆಯಾಗುವುದು ಭಾಷಾಶಾಸ್ತ್ರಕ್ಕೆ ಸೊಗಸು, ರೋಗಿಗೆ ಕಂಟಕ. ಅಂಕೆಗಳಿಗೆ ಈ ತೊಡಕಿಲ್ಲ. ವೇಳೆ, ಉಸಿರಿನ ಸಂಖ್ಯೆ, ಕೊಟ್ಟ ಔಷಧ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದೊಯ್ದರೆ ಯಾವ ಭಾಷೆಯ ವೈದ್ಯರಿಗೂ ಅರ್ಥವಾಗುತ್ತದೆ.

2020-21ರ ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಲವು ಮನೆಗಳಿಗೆ ಬಂದಿತು. ಅದರ ಅಂಕಿಯನ್ನೂ ಬರೆಯಿರಿ. ಆದರೆ ತಣ್ಣಗಾದ ಬೆರಳಿನಲ್ಲಿ, ಬಣ್ಣ ಹಚ್ಚಿದ ಉಗುರಿನಲ್ಲಿ ಅದು ತಪ್ಪು ತೋರಿಸಬಹುದು. ಯಂತ್ರ ಚೆನ್ನಾಗಿದೆ ಎಂದಿತೆಂದು ರೋಗಿಯ ಮುಖವನ್ನು ನೋಡದಿರಬೇಡಿ. ಮನೆಯಲ್ಲಿ ಆಮ್ಲಜನಕ ಕೊಡುತ್ತಿದ್ದರೆ ವೈದ್ಯರು ನಿಲ್ಲಿಸಿದಲ್ಲಿಗೇ ಗುಂಡಿ ನಿಂತಿರಲಿ. ಬಹುಕಾಲದ ಶ್ವಾಸಕೋಶ ರೋಗವುಳ್ಳ ಅನೇಕರಿಗೆ 88ರಿಂದ 92ರ ಮಟ್ಟವೇ ಗುರಿ. ಕನಿಕರದಿಂದ ಹೆಚ್ಚು ತಿರುಗಿಸಿದರೆ ಇಂಗಾಲಾಮ್ಲ ರಕ್ತದಲ್ಲಿ ಸೇರಿ ಮಂಪರು ಕವಿಯಬಹುದು. ಅದರ ಬಳಿ ದೀಪ, ಊದುಬತ್ತಿ ಕೂಡದು.

ಮಂಪರಿನ ಮಾತು ಬಂದುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕೆಂದು ತಾಯಂದಿರಲ್ಲಿ ವಿನಂತಿ. ರಾತ್ರಿಯೆಲ್ಲ ಒದ್ದಾಡಿದವನು ಬೆಳಗಿನ ಜಾವ ಸುಮ್ಮನಾದರೆ, ಪಾಪ, ಈಗ ಕಣ್ಣು ಹತ್ತಿತೆಂದು ಮನೆಯವರು ಹೊದ್ದಿಸಿ ಬರುತ್ತಾರೆ. ಮೆಲ್ಲಗೆ ಎಬ್ಬಿಸಿ ನೋಡಿರಿ. ಎಚ್ಚರಗೊಂಡು ಒಂದು ವಾಕ್ಯವನ್ನು ತಡೆಯಿಲ್ಲದೆ ಆಡಿದರೆ ಅದು ನಿದ್ರೆ. ತೊದಲಿದರೆ, ಗುರುತು ಹಿಡಿಯದಿದ್ದರೆ, ತುಟಿ ನೀಲಿಯಾಗಿದ್ದರೆ, ಗೂರಲಿನ ಸದ್ದು ನಿಂತರೂ ಎದೆ ಸರಿಯಾಗಿ ಏಳದಿದ್ದರೆ ಅದು ಸೋತ ಉಸಿರು. ಆಗಲೇ 108ಕ್ಕೆ ಕರೆ ಹೋಗಬೇಕು. ಒದ್ದಾಟ ತಣಿಯಲೆಂದು ನಿದ್ರೆಯ ಗುಳಿಗೆಯನ್ನು ಮಾತ್ರ ಎಂದೂ ಕೊಡಬೇಡಿ.

ಇನ್ನೊಂದು ಮಾತು. ಹತ್ತಿಯ ಊರು ನಮ್ಮದು. ಜಿನ್ನಿಂಗ್ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಅರಳೆಯ ಧೂಳಿನಿಂದ ಬಿಸಿನೋಸಿಸ್ ಎಂಬ ರೋಗ ಬರಬಹುದು. ವಾರದ ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಮರುದಿನ ಸಡಿಲವಾಗುವುದರಿಂದ ಜನ ಅದನ್ನು ಮರೆತುಬಿಡುತ್ತಾರೆ. ಅಂಥವರ ಚೀಟಿಯಲ್ಲಿ ಉಸಿರಿನ ಸಂಖ್ಯೆಯ ಕೆಳಗೆ ಅವರ ಕಸುಬನ್ನೂ, ಎದೆ ಬಿಗಿದ ವಾರದ ದಿನವನ್ನೂ ಬರೆಯಿರಿ.