ಕೋಡಿ ನೋಡೋಕೆ ಅಜ್ಜಿಯನ್ನ ಕರೆದವರು ಯಾರು?

 

ಇವತ್ತಿನ ವಿಷಯ ‘ಫೋಮೋ’. ಎಲ್ಲರಿಗೂ ಸಿಕ್ಕಿದ್ದು ನಮಗೆ ಮಾತ್ರ ತಪ್ಪಿಹೋಗುತ್ತೇನೋ ಅನ್ನೋ ಭಯ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದ್ತಿದ್ದ ಪ್ಯಾಟ್ರಿಕ್ ಮೆಕ್‌ಗಿನ್ನಿಸ್ 2004ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆಯಲ್ಲಿ ಈ ಪದ ಬಳಸಿ ಬರೆದರು. ಈಗ ಇದು ಹುಡುಗರ ಮಾತಾಗಿದೆ. ಆದರೆ ಎಪ್ಪತ್ತು ದಾಟಿದವರಿಗೂ ಈ ಭಯ ಇದೆ. ನನಗದು ಕಾಣಿಸಿದ್ದು ನಮ್ಮ ಮಾರಿಕಣಿವೆ ಡ್ಯಾಂ ತುಂಬಿದಾಗ.

ವೇದಾವತಿಗೆ ಅಡ್ಡ ಕಟ್ಟಿದ ವಾಣಿ ವಿಲಾಸ ಸಾಗರದಲ್ಲಿ ನೀರು 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತೆ. 1933ರಲ್ಲಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ 89 ವರ್ಷ! 1934ರಲ್ಲಿ ಹುಟ್ಟಿದವರಿಗೆ ಅಷ್ಟೊತ್ತಿಗೆ 88. ಚಿಕ್ಕವಯಸ್ಸಿಂದ ಕೋಡಿ ಕಥೆ ಕೇಳಿದಾರೆ, ಕಣ್ಣಲ್ಲಿ ನೋಡಿಲ್ಲ.

ಆಗ ಬೈಕು, ಕಾರು, ಟೆಂಪೊ ಎಲ್ಲಾ ಆ ಕಡೆಗೇ. ವಾಟ್ಸ್ಆ್ಯಪ್ ಸ್ಟೇಟಸ್ ತುಂಬಾ ಕೋಡಿ. ಹೊಳಲ್ಕೆರೆಯಲ್ಲಿ ನಮ್ಮ ಸಂಬಂಧಿಕರ ಮನೆಯ ಅಜ್ಜಿ, “ನೀವ್ ಹೋಗ್ಬನ್ನಿ, ನನಗ್ಯಾಕೆ, ಮಂಡಿ ನೋವು” ಅಂದ್ರು. ಮನೆಯವರು ಹೋಗಿ ಬಂದು ವಿಡಿಯೊ ತೋರಿಸಿದರು. ಅಜ್ಜಿ ನೀರಿನ ಬಗ್ಗೆ ಏನೂ ಕೇಳಲಿಲ್ಲ. “ಪಕ್ಕದ ಮನೆಯವಳೂ ಹೋಗಿದ್ಲಾ?” ಅಂತ ಕೇಳಿದರು.

ಬಿಕಾಂನಲ್ಲಿ ‘ಆಪರ್ಚುನಿಟಿ ಕಾಸ್ಟ್’ ಅಂತ ಓದಿದ್ವಿ. ಒಂದನ್ನ ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು. ಅಲ್ಲಿ ಆಯ್ಕೆ ನಮ್ಮದು, ಬೆಲೆ ಕಟ್ಟೋದೂ ನಾವೇ. ಹಿರಿಯರ ವಿಷಯದಲ್ಲಿ ಎಷ್ಟೋ ಸಲ ಆಯ್ಕೆ ಮಾಡೋದು ಮನೆಯವರು, ಬೆಲೆ ಕಟ್ಟೋದು ಅವರು. ಮನೆಯವರದು ಕಾಳಜಿಯೇ, ಇಲ್ಲ ಅನ್ನಲ್ಲ. ಆದರೆ ‘ಅವರಿಗೆ ಆಗಲ್ಲ’ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಅದು ಗೊತ್ತಾಗಿಯೇ ಅವರು ‘ನನಗ್ಯಾಕೆ’ ಅಂದುಬಿಡ್ತಾರೆ.

ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಹೇಳೋದು ಇದು: ಉಳಿದಿರೋ ಕಾಲ ಕಡಿಮೆ ಅನ್ನಿಸಿದಾಗ ಜನ ಹೊಸ ಪರಿಚಯಗಳಿಗಿಂತ ಹತ್ತಿರದವರ ಜೊತೆ ಇರೋದನ್ನ ಬಯಸ್ತಾರೆ. ಅಜ್ಜಿ ಕೇಳಿದ ಪ್ರಶ್ನೆ ನೆನಪಿಸಿಕೊಳ್ಳಿ. ನೀರು ನೋಡಲಿಲ್ಲ ಅನ್ನೋದಕ್ಕಿಂತ, ಎಲ್ಲರೂ ಹೋದ ಕಡೆ ನಾನಿರಲಿಲ್ಲ ಅನ್ನೋದೇ ಚುಚ್ಚೋದು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. 2025ರ ಜನವರಿಯಲ್ಲಿ ಕೋಡಿ ಮತ್ತೆ ಬಿತ್ತು. ಈ ಸಲ ಅಜ್ಜಿ ಆಧಾರ್ ಕಾರ್ಡ್ ಹಿಡ್ಕೊಂಡು ಹೊರಟೇಬಿಟ್ರು. ಹೊಳಲ್ಕೆರೆಯಿಂದ ದುರ್ಗ, ದುರ್ಗದಿಂದ ಹಿರಿಯೂರು, ಅಲ್ಲಿಂದ ಡ್ಯಾಂ. ನಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಸರ್ಕಾರಿ ಬಸ್ಸಿಗೆ ಕಾಯಬೇಕು. ಕಾದರು. ಟಿಕೆಟ್ ಫ್ರೀ ಆಗಿದ್ದು ಅನುಕೂಲವಾಯ್ತು, ನಿಜ. ಆದರೆ ಹೊರಡಿಸಿದ್ದು ಪಕ್ಕದ ಮನೆಯವರ ಒಂದು ಮಾತು: “ನೀನ್ ಬರದಿದ್ರೆ ನಾನೂ ಹೋಗಲ್ಲ.”

ಹಾಗಂತ ಎಲ್ಲ ಹಿರಿಯರಿಗೂ ಕೋಡಿ ನೋಡೋ ಆಸೆ ಅಂತಲ್ಲ. ಹೊಸದುರ್ಗದ ಕಡೆ ಹಿನ್ನೀರಿನ ಅಂಚಲ್ಲಿ ತೋಟ ಇರೋರಿಗೆ ಡ್ಯಾಂ ತುಂಬಿದರೆ ಜಮೀನು ಮುಳುಗೋ ಚಿಂತೆ. ಇನ್ನು ಕೆಲವರಿಗೆ ಮನೆ ಕಟ್ಟೆ ಮೇಲೆ ಕೂತಿರೋದೇ ನಿಜವಾದ ಸುಖ. ಅದಕ್ಕೇ ಊಹೆ ಬೇಡ, ಕೇಳಿ. ‘ಬರ್ತೀರಾ?’ ಅಂತ ಕೇಳಿದರೆ ‘ಬೇಡ’ ಅನ್ನೋದು ಸುಲಭ. ‘ಬೇಡ’ ಅಂದ್ರೆ ಏನು ಕಷ್ಟ ಅಂತ ವಿಚಾರಿಸಿ. ಮೆಟ್ಟಿಲಾ, ಬಸ್ ಬದಲಾಯಿಸೋದಾ, ದಾರೀಲಿ ಶೌಚಾಲಯ ಇರಲ್ಲ ಅನ್ನೋದಾ? ಮುಜುಗರಕ್ಕೆ ಈ ಕೊನೇದನ್ನ ಬಾಯಿಬಿಟ್ಟು ಹೇಳಲ್ಲ. ಇವಕ್ಕೆಲ್ಲ ಏನಾದರೂ ದಾರಿ ಮಾಡಬಹುದು. ಆಮೇಲೂ ಬೇಡ ಅಂದ್ರೆ ಅದು ಅವರ ಆಯ್ಕೆ, ಗೌರವಿಸೋಣ.

ನಿಮ್ಮ ಮನೇಲಿ ‘ನನಗ್ಯಾಕೆ’ ಅಂದವರು ಯಾವ ಮಾತಿಗೆ ಹೊರಟರು? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅವರ ದನಿಯಲ್ಲೇ ಕಳಿಸಿದ್ರೆ ಇನ್ನೂ ಖುಷಿ.