ಕುರಿಯ ಲೆಕ್ಕ, ಮನುಷ್ಯನ ಜ್ವರ

ದಾವಣಗೆರೆ ಜಿಲ್ಲೆ 1997ರಲ್ಲಿ ರೂಪುಗೊಳ್ಳುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಾನಾಗ ಪಶುವೈದ್ಯ ವಿದ್ಯಾರ್ಥಿ. ಸಂಶೋಧನೆಯ ಕ್ರಮವನ್ನು ಕಲಿಯಲೆಂದು ಬೇಸಿಗೆಯ ರಜೆಯಲ್ಲಿ ಹಿರಿಯರೊಬ್ಬರ ಕೈಕೆಳಗೆ ಸೇರಿಕೊಂಡೆ. ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳಲ್ಲಿಯೂ, ಅಂದು ಹೊನ್ನಾಳಿಗೇ ಸೇರಿದ್ದ ನ್ಯಾಮತಿಯಲ್ಲಿಯೂ ಕಂದು ಹಾಕಿದ ದನ, ಕುರಿಗಳ ರಕ್ತವನ್ನು ಸಂಗ್ರಹಿಸುವುದು ನನಗೆ ಒಪ್ಪಿಸಿದ ಕೆಲಸ. ದಿನ ತುಂಬುವ ಮೊದಲೇ ಗರ್ಭ ಬೀಳುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಕಂದುರೋಗ. ಪಠ್ಯಪುಸ್ತಕ ಅದನ್ನು ಬ್ರೂಸೆಲ್ಲೋಸಿಸ್ ಎನ್ನುತ್ತದೆ.

ಸೂಳೆಕೆರೆಯ ನೀರುಂಡ ಚನ್ನಗಿರಿಯ ಅಡಿಕೆ ತೋಟಗಳ ತಂಪನ್ನೂ, ಹೊನ್ನಾಳಿಯ ತುಂಗಭದ್ರೆಯ ದಡವನ್ನೂ ಬಿಟ್ಟು ಜಗಳೂರಿನ ಬಯಲಿಗೆ ಬಂದರೆ ಭೂಮಿಯೇ ಬೇರೆ. ಅಲ್ಲಿ ಕುರಿಯೇ ಬದುಕು. ಆ ಬಿಸಿಲಿನಲ್ಲಿ ರಕ್ತದ ಕೊಳವೆಯನ್ನು ಓರೆಯಾಗಿ ನಿಲ್ಲಿಸಿ ತಿಳಿಯನ್ನು ಬೇರ್ಪಡಿಸುವುದು, ಅದನ್ನು ಮಂಜುಗಡ್ಡೆಯಲ್ಲಿಟ್ಟು ಕಾಪಾಡುವುದು, ಪ್ರತಿಯೊಂದಕ್ಕೂ ಗುರುತು ಬರೆಯುವುದು — ಇವನ್ನೆಲ್ಲ ಕಲಿತೆ.

ಒಂದು ಹಟ್ಟಿಯಲ್ಲಿ ವಯಸ್ಸಾದ ಕುರಿಗಾಹಿಯೊಬ್ಬರು ಸತ್ತು ಬಿದ್ದ ಮರಿಯನ್ನು ಬರಿಗೈಯಲ್ಲೇ ಎತ್ತಿ ಬೇಲಿಯಾಚೆ ಇಟ್ಟು ಬಂದರು. ನಾನು ಪುಸ್ತಕ ಮುಚ್ಚುವಾಗ ಅವರೆಂದರು: "ಕುರಿ ಲೆಕ್ಕ ಬರಕಂಡ್ರಿ, ನನ್ನ ಜ್ವರಾನೂ ಬರಕಳ್ರಿ ಸಾರ್. ಬರ್ತತಿ, ಹೋಗ್ತತಿ, ಕೀಲೆಲ್ಲ ಹಿಡಕಂತಾವು." ನನ್ನ ಪುಸ್ತಕದಲ್ಲಿ ಮನುಷ್ಯನಿಗೆ ಅಂಕಣವಿರಲಿಲ್ಲ. "ಆಸ್ಪತ್ರೆಗೆ ತೋರಿಸಿ ಅಜ್ಜಾ" ಎಂದು ನಕ್ಕು ಹೊರಟೆ.

ಪ್ರಯೋಗಶಾಲೆಯಲ್ಲಿ ಅವರ ಕುರಿಯ ರಕ್ತದ ತಿಳಿಗೆ ಗುಲಾಬಿ ಬಣ್ಣದ ದ್ರಾವಣದ ಒಂದು ಹನಿ ಬೆರೆಸಿದಾಗ ನಾಲ್ಕು ನಿಮಿಷದೊಳಗೆ ಕಣಕಣವಾಗಿ ಗಂಟುಕಟ್ಟಿತು. ರೋಗದ ಸುಳಿವು ಸ್ಪಷ್ಟವಾಗಿತ್ತು. ವರದಿ ಬರೆದೆ, ಮೆಚ್ಚುಗೆಯೂ ದೊರೆಯಿತು.

ಮಾಲ್ಟಾ ದ್ವೀಪದ ಕಥೆಯನ್ನು ಓದಿದ್ದು ಆಮೇಲೆ. ಅಲ್ಲಿನ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದರು. ಅದು ಮೇಕೆಗಳಲ್ಲಿದೆಯೆಂದು ತೆಮಿಸ್ತೊಕ್ಲಿಸ್ ಜಮಿತ್ ತೋರಿಸಿದ್ದು 1905ರಲ್ಲಿ. ಮನುಷ್ಯನನ್ನು ನೋಡಿದವರಿಗೆ ಮೇಕೆ ಕಾಣಲು ಹದಿನೆಂಟು ವರ್ಷ ಬೇಕಾಯಿತು. ನಾನೋ ಕುರಿಯನ್ನು ಕಂಡೆ. ಎದುರಿಗೆ ನಿಂತ ಮನುಷ್ಯನನ್ನು ಕಾಣಲಿಲ್ಲ.

ಮರುವರ್ಷ ಹುಡುಕಿಕೊಂಡು ಹೋದೆ. ಹಟ್ಟಿ ಎತ್ತಿದ್ದರು. ಮಂದೆ ಯಾವ ಊರಿನ ಹೊಲದಲ್ಲಿ ತಂಗಿತ್ತೋ, ಹೇಳುವವರಿರಲಿಲ್ಲ. ಅವರ ಜ್ವರ ಕಂದುರೋಗದ್ದೇ ಆಗಿತ್ತೆಂದು ನಾನು ಹೇಳಲಾರೆ, ಪರೀಕ್ಷಿಸಿದ್ದರಲ್ಲವೇ ಹೇಳುವುದು? ಆದರೆ ಅದೇ ಆಗಿದ್ದರೆ ವಾರಗಟ್ಟಲೆಯ ಔಷಧೋಪಚಾರದಿಂದ ವಾಸಿಯಾಗಬಹುದಿತ್ತು. ಹಾಲನ್ನು ಕಾಯಿಸಿ ಕುಡಿಯಿರಿ, ಬಿದ್ದ ಕಂದನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿರಿ ಎಂಬ ಎರಡು ಮಾತಿಗಂತೂ ಯಾವ ಪ್ರಯೋಗಶಾಲೆಯೂ ಬೇಕಿರಲಿಲ್ಲ.

ಇಂದು ಬೇಸಿಗೆಯ ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಎರಡೇ ಕೆಲಸ ಹೆಚ್ಚಿಗೆ ಹೇಳುತ್ತೇನೆ. ಪುಸ್ತಕದಲ್ಲಿ ಸಾಕಿದವರಿಗೂ ಒಂದು ಅಂಕಣ ಎಳೆಯಿರಿ. ಫಲಿತಾಂಶ ಬಂದ ಮೇಲೆ, ವರದಿ ಬರೆಯುವುದಕ್ಕೂ ಮುಂಚೆ, ರಕ್ತ ಕೊಟ್ಟ ಹಟ್ಟಿಗೆ ಹೋಗಿ ತಿಳಿಸಿ ಬನ್ನಿ.