ಹನ್ನೆರಡು ಚದರಡಿ ಸಾಕು



ನಾನು ಅನುಭಾವಿಯಲ್ಲ, ಕಟ್ಟಡ ಕಟ್ಟಿಸಿ ನಿವೃತ್ತನಾದ ಸರ್ಕಾರಿ ಇಂಜಿನಿಯರ್. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡ ನಮ್ಮವರು ಕೇಳುವುದು ಒಂದೇ: "ಸರ್, ಈಶಾನ್ಯದಲ್ಲಿ ದೇವರಮನೆ ಬರುತ್ತದೆಯೇ?" ನಾನು ತಿರುಗಿ ಕೇಳುತ್ತೇನೆ, "ಲಿಫ್ಟ್ ಯಾವ ಗೋಡೆಗಿದೆ?"

ದೇಹವನ್ನೇ ದೇಗುಲವಾಗಿಸಿದ ಬಸವಣ್ಣನವರನ್ನು ನಂಬಿದವರಿಗೆ ಅಮೃತಶಿಲೆಯ ಮಂಟಪ ಏಕೆ? ಇಷ್ಟಲಿಂಗ ಎದೆಯ ಮೇಲೇ ಇದೆ. ಅದನ್ನು ಅಂಗೈಯಲ್ಲಿಟ್ಟು ಅರ್ಧ ಗಂಟೆ ದೃಷ್ಟಿ ನೆಟ್ಟು ಕೂರಲು ಜಾಗ ಬೇಕು, ಅಷ್ಟೆ. ಚಕ್ಕಳಮಕ್ಕಳ ಹಾಕಿ ಕೂರಲು 3 ಅಡಿ ಅಗಲ, 4 ಅಡಿ ಉದ್ದ. ಇಬ್ಬರು ಮಲಗುವ ಮಂಚದ ಅರ್ಧವೂ ಅಲ್ಲ.

ಲಿಫ್ಟ್ ಅಥವಾ ಬಚ್ಚಲಿನ ಪೈಪು ಇರುವ ಗೋಡೆ ಬೇಡ. ಆ ಸದ್ದು ಗೋಡೆಯೊಳಗಿಂದಲೇ ಬರುತ್ತದೆ. ದಪ್ಪ ಪರದೆ ಒಳಗಿನ ಪ್ರತಿಧ್ವನಿ ತಗ್ಗಿಸೀತು, ರಸ್ತೆಯ ಹಾರ್ನ್ ತಡೆಯದು. ಅದಕ್ಕೆ ಕಿಟಕಿಯ ಸಂದು ಮುಚ್ಚಬೇಕು. ಹಾಗೆಂದು ಗಾಳಿಯಾಡದ ಗೂಡು ಮಾಡಿದರೆ ಬರುವುದು ತೂಕಡಿಕೆ. ಒಳಬಾಗಿಲ ಕೆಳಗೆ ಸಂದು ಬಿಡಿ. ದೀಪ ಕಣ್ಣೆದುರು ಬೇಡ. ಬೆನ್ನ ಹಿಂದೆ, ಮೇಲೆ, ತುಸು ಪಕ್ಕಕ್ಕಿರಲಿ. ತಲೆಯ ನೆರಳು ಬೀಳದೆ ಲಿಂಗದ ಕಪ್ಪು ಹೊಳಪಿನ ಮೇಲೆ ಬೆಳಕಿನ ಚುಕ್ಕೆ ಮೂಡುತ್ತದೆ. ದೃಷ್ಟಿ ನಿಲ್ಲಲು ಅದು ಸಾಕು.

ಇನ್ನೊಂದು ಮಾತು. ಈ ಜಾಗ ಮನೆಯ ಯಜಮಾನನೊಬ್ಬನದಲ್ಲ. ಲಿಂಗದೀಕ್ಷೆ ಹೆಣ್ಣಿಗೂ ಉಂಟು. ಆದರೆ ಬೆಳಿಗ್ಗೆ 6 ಗಂಟೆಗೆ ಅವಳು ಕುಕ್ಕರ್ ಮುಂದಿರುತ್ತಾಳೆ. ಆ ಅರ್ಧ ಗಂಟೆ ಒಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ನಕ್ಷೆ ಹಾಕಿಸುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಆಮೇಲೆ ಟೇಪು ಹಿಡಿದು ನನ್ನನ್ನು ಕರೆಯಿರಿ, ಬರುತ್ತೇನೆ.